ಹೆರಿಗೆ ಕೋಣೆಗೆ ಜೊತೆ ಬಂದವರು

ಮದುವೆಯಾಗಿ ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸ್‌ಗೆ ಬಂದ ಮೊದಲ ಬೆಳಿಗ್ಗೆ ಯಾರೋ ಬಾಗಿಲು ಬಡಿದು ‘ತಣ್ಣಿ, ತಣ್ಣಿ’ ಎಂದು ಕೂಗಿದರು. ಜಗಳಕ್ಕೆ ಬಂದಿದ್ದಾರೆಂದು ನಾನು ಚಿಲಕ ಹಾಕಿಕೊಂಡು ಕುಳಿತೆ. ತಮಿಳಿನಲ್ಲಿ ತಣ್ಣಿ ಎಂದರೆ ನೀರು. ಬೀದಿ ನಲ್ಲಿಯಲ್ಲಿ ನೀರು ಬಂದಿದೆಯೆಂದು ತಿಳಿಸಲು ಪಕ್ಕದ ಮನೆಯ ರಾಣಿಯಕ್ಕ ಬಂದಿದ್ದರು. ನನಗೆ ಅರ್ಥವಾಗುವಷ್ಟರಲ್ಲಿ ನೀರು ನಿಂತಿತ್ತು. ಬಾಗಿಲು ತೆರೆದರೆ ಹೊಸ್ತಿಲಾಚೆ ಅವರ ಕೊಡ, ತುಂಬಿದ್ದು.

ರೋಣದ ಕಡೆಯ ನಮ್ಮ ಹಳ್ಳಿಯಲ್ಲಿ ಬಾಗಿಲಲ್ಲಿ ನಿಂತರೆ ಕಣ್ಣು ಹರಿಯುವಷ್ಟು ದೂರ ಎರೆ ಹೊಲ. ಇಲ್ಲಿ ಗಣಿ ಕೆಲಸದವರಿಗೆಂದು ಹಿಂದೆ ಕಟ್ಟಿದ ಸಾಲುಮನೆಗಳು. ಎದುರಿಗೆ ಇನ್ನೊಂದು ಸಾಲಿನ ಗೋಡೆ, ಅದರಾಚೆ ಗಣಿ ಮಣ್ಣಿನ ಬೋಳು ದಿಬ್ಬ. ಗಂಡ ಮಂಜುನಾಥ ಬೆಳಗಿನ ರೈಲಿಗೆ ಬೆಂಗಳೂರಿನ ಕಾರ್ಖಾನೆಗೆ ಹೋದರೆ ಕತ್ತಲಾದ ಮೇಲೆಯೇ ಬರುವುದು. ಮುದ್ದೆಯನ್ನು ಅಗಿಯದೆ ನುಂಗಲು ಕಲಿತೆ. ನಾನು ಜೋಳದ ರೊಟ್ಟಿ ಬಡಿಯುವ ಸದ್ದಿಗೆ ಬೀದಿಯ ಹೆಂಗಸರು ಬಂದು ಬಾಗಿಲಲ್ಲಿ ನಿಂತು ನೋಡಿದ ದಿನ ಗೆದ್ದಷ್ಟು ಖುಷಿಯಾಗಿತ್ತು.

ಬಸುರಿಯಾದಾಗ ಆ ಖುಷಿಯೂ ಮುಗಿಯಿತು. ನಡುವೆ ಒಮ್ಮೆ ರಕ್ತ ಕಂಡಿತು. ಮಲಗಿಯೇ ಇರಬೇಕು, ದೂರದ ಪ್ರಯಾಣ ಕೂಡದು ಎಂದರು ಡಾಕ್ಟರು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಪದ್ಧತಿ ನಮ್ಮಲ್ಲೂ ಇಲ್ಲೂ ಒಂದೇ. ಆ ದಾರಿ ಮುಚ್ಚಿತು. ಲಕ್ವ ಹೊಡೆದ ಅಪ್ಪನನ್ನು ಬಿಟ್ಟು ಅವ್ವ ಬರುವಂತಿರಲಿಲ್ಲ. ಮಲಗಿದಲ್ಲಿಂದ ಕಾಣುತ್ತಿದ್ದುದು ಒಂದು ಕಿಟಕಿ, ಕಿಟಕಿಯಲ್ಲಿ ಆ ದಿಬ್ಬ. ಗಾಳಿ ಎದ್ದರೆ ದಿಬ್ಬದ ದೂಳಿಗೆ ಕಿಟಕಿಯನ್ನೂ ಮುಚ್ಚಬೇಕು.

ಆಸ್ಪತ್ರೆಯಲ್ಲಿ ಹೆರಿಗೆ ಕೋಣೆಯೊಳಗೆ ಒಬ್ಬ ಹೆಂಗಸನ್ನು ಮಾತ್ರ ಬಿಡುತ್ತೇವೆ, ಯಾರೆಂದು ಯೋಚಿಸಿಡಿ ಎಂದಿದ್ದರು. ಮಂಜುನಾಥ ಯಾರನ್ನೋ ಕೇಳಿ ಬೆಂಗಳೂರಿನ ಒಬ್ಬ ಡೌಲಾಳ ನಂಬರ್ ತಂದ. ಡೌಲಾ ಎಂದರೆ ಹೆರಿಗೆ ಮಾಡಿಸುವವಳಲ್ಲ, ಹೆರುವವಳ ಜೊತೆಗಿರುವವಳು. ಫೋನಿನಲ್ಲಿ ಆಕೆ ಮೊದಲು ಕೇಳಿದ್ದು ನನಗೆ ಯಾವುದರ ಭಯ ಎಂದು. ಅದುವರೆಗೂ ಯಾರೂ ಹಾಗೆ ಕೇಳಿರಲಿಲ್ಲ. ನೋವಿನಲ್ಲಿ ಅರಚಿದರೆ ನನ್ನ ಮಾತು ಇಲ್ಲಿ ಯಾರಿಗೂ ತಿಳಿಯಲಾರದೆಂಬ ಭಯ ಎಂದೆ. ಅಷ್ಟು ದೂರದಿಂದ ಹೊತ್ತಿಗೆ ಸರಿಯಾಗಿ ತಲುಪುವೆನೆಂದು ಮಾತು ಕೊಡಲಾರೆ ಎಂದು ಆಕೆ ನೇರವಾಗಿಯೇ ಹೇಳಿದರು. ಯಾರ ಮುಂದೆ ನಾಚಿಕೆಯಿಲ್ಲದೆ ಅಳಬಲ್ಲಿರೋ ಅವರನ್ನು ಆರಿಸಿಕೊಳ್ಳಿ ಎಂದರು.

ಗಂಡನ ಊರು ಬೂದಿಕೋಟೆಯಿಂದ ತುಪ್ಪ ಹಿಡಿದು ಬಸ್ಸಿನಲ್ಲಿ ಬರುತ್ತಿದ್ದ ಅತ್ತೆಯ ಮುಂದೆ ನಾನು ಕಾಲು ಚಾಚಿ ಕೂತವಳೂ ಅಲ್ಲ. ಅತ್ತದ್ದು ರಾಣಿಯಕ್ಕನ ಮುಂದೆ. ಮಧ್ಯಾಹ್ನ ಅವರು ರವಿಕೆಗಳಿಗೆ ಹುಕ್ಕು ಹಚ್ಚುತ್ತಾ ನನ್ನ ಪಕ್ಕ ಕೂರುತ್ತಿದ್ದರು. ನನ್ನ ಮಾತು ಅವರಿಗೆ ಅರ್ಧ ತಿಳಿಯುತ್ತಿರಲಿಲ್ಲ, ಅವರದು ನನಗೂ ಅಷ್ಟೇ. ಅತ್ತರೆ ಯಾಕೆಂದು ಕೇಳುತ್ತಿರಲಿಲ್ಲ, ಎದ್ದು ಹೋಗುತ್ತಲೂ ಇರಲಿಲ್ಲ.

ಹೆರಿಗೆ ಕೋಣೆಗೆ ನನ್ನ ಜೊತೆ ಬರುತ್ತೀರಾ ಎಂದು ಕೇಳಿದಾಗ ಅವರ ಸೂಜಿ ನಿಂತಿತು. ‘ಸೀಮಂತದಾಗೇ ನನ್ನ ಹಿಂದೆ ನಿಲ್ಲಿಸ್ತಾರಮ್ಮ. ನೀನು ಒಳಗೆ ಬಾ ಅಂತೀಯ.’ ಅವರಿಗೆ ಮಕ್ಕಳಿರಲಿಲ್ಲ.

ಅತ್ತೆಗೆ ವಿಷಯ ಹೇಳಿದ ದಿನ ಮನೆಯಲ್ಲಿ ಗಾಳಿಯೇ ಆಡದಂತಾಯಿತು. ‘ಒಂದು ಮಗೀನೂ ಹೆತ್ತಿಲ್ಲ ಅವಳು. ಅಂಥೋಳ್ನ ಕರ್ಕೊಂಡೋಗ್ತೀಯಾ? ನಾನೇನು ಸತ್ತೋಗಿದ್ದೀನಾ?’

‘ನಿಮ್ಮ ಮುಂದ ನನಗ ಅಳಾಕ ಆಗಂಗಿಲ್ರೀ, ಅತ್ತಿ,’ ಎಂದೆ.

ಮಂಜುನಾಥ ಎದ್ದು ಹೊರಗೆ ಹೋದ. ಅತ್ತೆ ಅಂದು ಊಟ ಮಾಡಲಿಲ್ಲ, ಊರಿಗೂ ಹೋಗಲಿಲ್ಲ. ಹೆರಿಗೆಯ ತನಕ ನಾವಿಬ್ಬರೂ ಆ ಎರಡು ಕೋಣೆಗಳಲ್ಲಿ ಮಾತಿಲ್ಲದೆ ಇದ್ದೆವು. ಆಕೆ ಅಡುಗೆ ಮಾಡಿ ತಟ್ಟೆಯನ್ನು ಹಾಸಿಗೆಯ ಬಳಿ ಇಡುತ್ತಿದ್ದರು. ನಾನು ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದೆ.

ನೋವು ಬಂದಾಗ ಆಸ್ಪತ್ರೆಗೆ ಎಲ್ಲರೂ ಬಂದರು. ಯಾರು ಒಳಗೆ ಬರುತ್ತೀರೆಂದು ನರ್ಸ್ ಕೇಳುತ್ತಿದ್ದಂತೆ ಅತ್ತೆ ಮುಂದೆ ಬಂದರು. ನಾನು ರಾಣಿಯಕ್ಕನ ಮುಂಗೈ ಹಿಡಿದುಕೊಂಡೆ, ಬಿಡಲಿಲ್ಲ. ಒಳಗೆ ಅವರು ನನ್ನ ತಲೆಯ ಬಳಿ ನಿಂತರು. ನಾನು ‘ಯವ್ವಾ’ ಎಂದಾಗಲೆಲ್ಲ ಅವರು ‘ಇರುಕ್ಕೇಂಮಾ’ ಎನ್ನುತ್ತಿದ್ದರು; ಇದ್ದೇನಮ್ಮ ಎಂದು. ಅವರಿಗೆ ಹೇಳಲು ಬೇರೇನೂ ಗೊತ್ತಿರಲಿಲ್ಲ. ನನಗೆ ಅಷ್ಟು ಸಾಕಾಗಿತ್ತು.

ಹೆಣ್ಣು ಮಗು. ನಮ್ಮನ್ನು ಹೊರಗೆ ತಂದಾಗ ಅತ್ತೆಯೇ ಮೊದಲು ಎತ್ತಿಕೊಂಡರು. ರಾಣಿಯಕ್ಕ ತಾವಾಗಿಯೇ ಗೋಡೆಯ ಪಕ್ಕಕ್ಕೆ ಸರಿದರು. ಕೂಸನ್ನು ಅವರ ಕೈಗೆ ಕೊಡಿ ಎಂದು ಅತ್ತೆಯನ್ನು ಕೇಳಿದೆ. ಅತ್ತೆ ಕೂಸಿನ ಬಟ್ಟೆ ಸರಿಮಾಡಿ, ರಾಣಿಯಕ್ಕನ ಮುಖ ನೋಡದೆ ಕೊಟ್ಟರು.

ಆಸ್ಪತ್ರೆಯಿಂದ ನೇರ ಬೂದಿಕೋಟೆಗೆ ಕರೆತಂದರು. ಕಿವಿಗೆ ಬಟ್ಟೆ ಕಟ್ಟಿಕೊಂಡು, ಕಿಟಕಿ ಮುಚ್ಚಿದ ಬಾಣಂತಿ ಕೋಣೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಹೊರಗೆ ಹಸುಗಳ ಸದ್ದು, ಒಳಗೆ ಸಾಂಬ್ರಾಣಿ ಹೊಗೆ. ಅತ್ತೆ ದಿನವೂ ನನ್ನ ಕಾಲಿಗೆ ಎಣ್ಣೆ ತಿಕ್ಕುತ್ತಾರೆ. ಆ ಕೈಯಲ್ಲಿ ಸಿಟ್ಟಿಲ್ಲ. ರಾಣಿಯಕ್ಕನ ಹೆಸರನ್ನು ಮಾತ್ರ ಎತ್ತುವುದಿಲ್ಲ, ನಾನು ಎತ್ತಿದರೆ ಎದ್ದು ಹೋಗುತ್ತಾರೆ.

ನಿನ್ನೆ ಅವ್ವ ಫೋನ್ ಮಾಡಿದ್ದಳು. ‘ಊರಿಗೆ ಯಾವಾಗ ಬರ್ತೀಯವ್ವಾ?’ ಎಂದಳು.

‘ಯಾವ ಊರಿಗೆ?’ ಎಂದುಬಿಟ್ಟೆ.

ಊರೆಂದಾಗ ನನಗೆ ಮೊದಲು ನೆನಪಾದದ್ದು ಹೊಸ್ತಿಲಾಚೆ ಇದ್ದ ರಾಣಿಯಕ್ಕನ ತುಂಬಿದ ಕೊಡ.