ಗೇಣುದ್ದದ ಹಸಿರು ತಂತಿ

ನಮ್ಮ ಮೀಟರಪ್ಪನಿಗೆ ತಿರುಪುಮೊಳೆಗಳು ಸೆಟೆದು ನಿಂತಿರಬೇಕು. ಸ್ವಿಚ್ ಬೋರ್ಡಿನ ನಾಲ್ಕು ಮೂಲೆಯ ಮೊಳೆಗಳ ತಲೆಗೀರು ಮೇಲಿಂದ ಕೆಳಕ್ಕೆ ನೆಟ್ಟಗಿರದಿದ್ದರೆ ಅವನಿಗೆ ಊಟ ಸೇರುವುದಿಲ್ಲ. ಮೂವತ್ತು ವರ್ಷದಿಂದ ನನ್ನ ವಿದ್ಯುತ್ ಸಾಮಾನಿನ ಅಂಗಡಿಗೆ ಬರುತ್ತಾನೆ. ಗಿರಾಕಿಗಳ ನಡುವೆ ನನಗೆ ಪುರಸೊತ್ತಿಲ್ಲದಾಗ ಸುಮ್ಮನೆ ಕೂರದೆ ನನ್ನ ಕಪಾಟಿನ ಮೊಳೆಗಳನ್ನೂ ನೆಟ್ಟಗೆ ಮಾಡಿಬಿಟ್ಟಿದ್ದಾನೆ. ಕೂಲಿ ಕೇಳಲಿಲ್ಲ, ಹಾಗಾಗಿ ನಾನೂ ತಡೆಯಲಿಲ್ಲ.

ಮೊದಲು ಮನೆಗಳಿಗೆ ವೈರಿಂಗ್ ಮಾಡುತ್ತಿದ್ದ. ಮಂಡಿ ಕೈಕೊಟ್ಟ ಮೇಲೆ ಪರವಾನಗಿ ಪಡೆದು, ಹಳೆಯ ಮನೆಗಳ ವೈರಿಂಗ್ ಈಗಿನ ನಿಯಮಕ್ಕೆ ಹೊಂದುತ್ತದೋ ಇಲ್ಲವೋ ಎಂದು ಪರೀಕ್ಷಿಸಿ ವರದಿ ಬರೆಯತೊಡಗಿದ. ಕೊರಳಿಗೆ ಕರೆಂಟು ಅಳೆಯುವ ಮೀಟರ್ ನೇತುಹಾಕಿಕೊಂಡೇ ಓಡಾಡುವುದರಿಂದ ಈ ಹೆಸರು. ವರದಿಯಲ್ಲಿ ‘ಮೊದಲು ಕೆಲಸ ಮಾಡಿದವರು’ ಎಂದು ಒಂದು ಸಾಲಿದೆ. ಯಾವ ಮನೆಯವರಿಗೂ ನೆನಪಿರುವುದಿಲ್ಲ. ‘ಗೊತ್ತಿಲ್ಲ’ ಎಂದು ಬರೆದು, “ಈ ಗೊತ್ತಿಲ್ಲ ಅನ್ನೋ ಮಹಾರಾಯ ಅರ್ಧ ಊರಿಗೆ ವೈರಿಂಗ್ ಮಾಡಿದ್ದಾನೆ ನೋಡಿ. ಸಿಕ್ಕಿದ್ರೆ ಕಿವಿ ಹಿಂಡ್ತೀನಿ” ಎನ್ನುತ್ತಾನೆ. ಹತ್ತು ವರ್ಷದಿಂದ ಇದೊಂದೇ ಜೋಕು.

ಕಳೆದ ತಿಂಗಳು ನನ್ನ ಅಕ್ಕನ ಮನೆಯ ಸರದಿ ಬಂತು. ಬೇರೆಯವರು ಕಟ್ಟಿಸಿ, ಆಮೇಲೆ ಗುರುತು ಸಿಗದಂತೆ ದೊಡ್ಡದು ಮಾಡಿದ್ದ ಆ ಮನೆಯನ್ನು ಅಕ್ಕ ಕೊಂಡು ಹನ್ನೆರಡು ವರ್ಷವಾಯಿತು. ಬಟ್ಟೆ ತೊಳೆಯುವ ಯಂತ್ರ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ ಎಂದು ಅವಳು ಮೊದಲ ವರ್ಷವೇ ನನ್ನ ಅಂಗಡಿಗೆ ಬಂದು ಹೇಳಿದ್ದಳು. ಮೀಟರಪ್ಪ ಅಲ್ಲೇ ಕೂತಿದ್ದ.

“ಬೋರ್ಡ್ ಸಂದೀಲಿ ಹಸಿರು ತಂತಿ ಕಾಣುತ್ತಾ ಅಕ್ಕಾ?”

“ಕಾಣುತ್ತಪ್ಪ.”

“ಮತ್ತೇನು, ಅರ್ಥಿಂಗ್ ಇದೆ. ಸೋರಿದ ಕರೆಂಟು ಆ ತಂತೀಲಿ ನೆಲಕ್ಕೆ ಇಳಿದುಹೋಗುತ್ತೆ. ಜುಮ್ ಅನ್ನೋದು ನಿಮ್ಮ ಮನಸ್ಸು.”

ಅಕ್ಕ ವಾದ ಮಾಡಲಿಲ್ಲ. ಒಂದು ಮರದ ಮಣೆ ತಂದು ಯಂತ್ರದ ಮುಂದೆ ಹಾಕಿ, ಅದರ ಮೇಲೆ ನಿಂತೇ ಬಟ್ಟೆ ತೊಳೆಯತೊಡಗಿದಳು. ಭಾವ ಅವಳಿಗೆ ‘ಮಣೆಯಮ್ಮ’ ಎಂದು ಹೆಸರಿಟ್ಟರು. ಮನೆಗೆ ಬಂದವರೆಲ್ಲ ನಕ್ಕರು. ನಾನು ಒಂದು ಕೈ ಹೆಚ್ಚೇ ನಕ್ಕೆ.

ಪರೀಕ್ಷೆಯ ದಿನ ಮೀಟರಪ್ಪ ಮುಖ್ಯ ಬೋರ್ಡಿನ ಅರ್ಥಿಂಗಿಗೆ ಒಂದು ತಂತಿ, ಯಂತ್ರದ ಮೈಗೆ ಇನ್ನೊಂದು ತಂತಿ ಕೊಟ್ಟು ಮೀಟರ್ ನೋಡಿದ. ಮುಳ್ಳು ಅಲ್ಲಾಡಲಿಲ್ಲ.

“ನಡುವೆ ಎಲ್ಲೋ ಅರ್ಥಿಂಗ್ ಸತ್ತಿದೆ. ಬಂದಿದ್ದಾನೆ, ಇಲ್ಲಿಗೂ ಬಂದಿದ್ದಾನೆ ಮಹಾರಾಯ” ಎನ್ನುತ್ತ ಮೇನ್ ಆಫ್ ಮಾಡಿ, ಯಂತ್ರದ ಪಕ್ಕದ ಬೋರ್ಡ್ ಬಿಚ್ಚಲು ತಿರುಪುಳಿ ಎತ್ತಿದವನು ಹಾಗೇ ನಿಂತ.

ನಾನೂ ನೋಡಿದೆ. ಸುಣ್ಣ ಬಳಿದು ಬಳಿದು ಅರ್ಧ ಮುಚ್ಚಿಹೋಗಿದ್ದರೂ ನಾಲ್ಕು ಮೊಳೆಗಳ ಗೀರುಗಳು ಸೆಟೆದು ನಿಂತಿದ್ದವು.

ನಿಧಾನವಾಗಿ ಬಿಚ್ಚಿದ. ಹಸಿರು ತಂತಿಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದ. ಅದು ಯಾವ ತಕರಾರೂ ಇಲ್ಲದೆ ಗೋಡೆಯೊಳಗಿನಿಂದ ಬಂದುಬಿಟ್ಟಿತು. ಗೇಣುದ್ದ, ಅಷ್ಟೇ. ಇನ್ನೊಂದು ತುದಿ ಯಾವುದಕ್ಕೂ ಸೇರಿರಲಿಲ್ಲ.

ಆ ತುಂಡು ನನಗೆ ಗೊತ್ತು. ಇಪ್ಪತ್ತೈದು ವರ್ಷದ ಹಿಂದೆ ಒಂದು ಸಂಜೆ ಅವನು ಓಡೋಡಿ ಬಂದಿದ್ದ. ಯಾವುದೋ ಹೊಸ ಮನೆ, ಬೆಳಿಗ್ಗೆ ಅಧಿಕಾರಿ ನೋಡಲು ಬರುತ್ತಾನೆ, ಹಸಿರು ತಂತಿ ಬೇಕು. ನನ್ನಲ್ಲಿ ಮಾಲು ಮುಗಿದಿತ್ತು. ಗಿರಾಕಿಯನ್ನು ಬರಿಗೈಲಿ ಕಳಿಸಬಾರದೆಂಬುದು ನನ್ನ ಚಪಲ. ತೋರಿಸಲು ಗೋಡೆಗೆ ಸಿಕ್ಕಿಸಿದ್ದ ಮಾದರಿ ತುಂಡನ್ನೇ ಕಿತ್ತು ಕೊಟ್ಟು, “ಸದ್ಯಕ್ಕೆ ಕಾಣ್ಸೋ ಹಾಗೆ ಸಿಕ್ಕಿಸು. ಮಾಲು ಬಂದ್ಮೇಲೆ ಪೂರ್ತಿ ಎಳೆದ್ರಾಯ್ತು” ಎಂದಿದ್ದೆ. ನಾಲ್ಕು ದಿನಕ್ಕೆ ಮಾಲು ಬಂತು. ಅವನು ಬೇರೆ ಮನೆಯ ಕೆಲಸ ಹಿಡಿದಿದ್ದ. ಅವನೂ ಕೇಳಲಿಲ್ಲ, ನಾನೂ ನೆನಪಿಸಲಿಲ್ಲ.

“ಏನಪ್ಪಾ, ನಮ್ಮನೆ ಫೇಲಾ?” ಅಕ್ಕ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು. “ಬರಿ ಮತ್ತೆ, ಆ ಗೊತ್ತಿಲ್ಲದವನ ಹೆಸರು.”

ಮೀಟರಪ್ಪ ವರದಿ ಹಾಳೆ ತೆಗೆದ. ಆ ಸಾಲಿನ ಮೇಲೆ ಪೆನ್ನು ನಿಂತಿತು. ‘ಗೊತ್ತಿಲ್ಲ’ ಎಂದರೆ ಅಲ್ಲಿಗೆ ಮುಗಿಯಿತು, ಕೇಳುವವರಿಲ್ಲ. ತನ್ನ ಹೆಸರು ಬರೆದರೆ ವಿದ್ಯುತ್ ಕಚೇರಿಯವರು ಅವನು ಮಾಡಿದ ಅಷ್ಟೂ ಮನೆಗಳನ್ನು ಕೆದಕುತ್ತಾರೆ. ಪರವಾನಗಿ ಉಳಿಯುವುದೂ ಅನುಮಾನ. ಅವನ ಕಣ್ಣು ಮಣೆಯ ಮೇಲಿತ್ತು. ಎರಡು ಪಾದ ಊರುವ ಕಡೆ ಮರ ಸವೆದು ನುಣ್ಣಗಾಗಿತ್ತು.

ಬರೆದ. ಬರೆದು ಹಾಳೆಯನ್ನು ಅಕ್ಕನ ಕಡೆ ತಿರುಗಿಸಿದ.

ಅಕ್ಕ ಓದಿದಳು. ತಂತಿಯ ತುಂಡು ನೋಡಿದಳು. “ಹಾಗಾದ್ರೆ ನನ್ನ ಮನಸ್ಸು ಸರಿಯಾಗೇ ಇತ್ತು” ಎಂದು ಯಂತ್ರಕ್ಕೆ ಹೇಳುವವಳಂತೆ ಹೇಳಿದಳು. ಆಮೇಲೆ ಅವನನ್ನು ಕೇಳಿದಳು, “ಯಾಕಪ್ಪಾ ಹೀಗೆ ಮಾಡ್ದೆ?”

ಅವನು ಒಂದು ಸಲ ನನ್ನತ್ತ ನೋಡಿದ. ನಾನು ಫ್ಯೂಸಿನ ಮೇಲಿನ ಅಕ್ಷರ ಓದುತ್ತಿದ್ದೆ. ಅಂಥ ಫ್ಯೂಸುಗಳನ್ನು ಸಾವಿರಗಟ್ಟಲೆ ಮಾರಿದ್ದೇನೆ. ಅವತ್ತಿನಷ್ಟು ಶ್ರದ್ಧೆಯಿಂದ ಎಂದೂ ಓದಿರಲಿಲ್ಲ.

“ಮರೆತೆ ಅಕ್ಕಾ” ಎಂದ.

ಮಧ್ಯಾಹ್ನದವರೆಗೆ ಮಂಡಿಯೂರಿ ಹೊಸ ತಂತಿ ಎಳೆದ. ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚನ್ನೂ ಕೂರಿಸಿದ. ಈ ಸಲ ಮುಳ್ಳು ಎದ್ದು ನಿಂತಿತು. ಮೇನ್ ಹಾಕಿ, ಚಪ್ಪಲಿ ಬಿಟ್ಟು, ಒದ್ದೆ ನೆಲದ ಮೇಲೆ ನಿಂತು, ಓಡುತ್ತಿದ್ದ ಯಂತ್ರದ ಮೇಲೆ ಎರಡೂ ಅಂಗೈ ಊರಿದ.

“ಏನೂ ಇಲ್ಲ ಅಕ್ಕಾ. ಮಣೆ ತೆಗೀರಿ, ನೀವೇ ಮುಟ್ಟಿ ನೋಡಿ.”

ಅಕ್ಕ ಮಣೆಯ ಮೇಲೆ ಹತ್ತಿ ನಿಂತು, ಯಂತ್ರ ನಿಲ್ಲಿಸಿ ಬಟ್ಟೆ ತೆಗೆಯತೊಡಗಿದಳು. “ಇರ್ಲಿ ಬಿಡಪ್ಪಾ. ನಿನ್ನ ಮೀಟರಿಗೆ ಗೊತ್ತಾಗಿದೆ. ನನ್ನ ಕಾಲಿಗೆ ಗೊತ್ತಾಗ್ಲಿ.”

ಅವನು ಬೋರ್ಡ್ ಮುಚ್ಚಿದ. ನಾಲ್ಕು ಮೊಳೆಗಳು ನಾಲ್ಕು ದಿಕ್ಕಿಗೆ ನಿಂತಿದ್ದನ್ನು ಕಂಡೂ ಹಾಗೇ ಬಿಟ್ಟ.

ಗೇಟಿನವರೆಗೆ ಅವನ ಚೀಲ ನಾನು ಹೊತ್ತೆ. “ನನ್ನ ಹೆಸರೂ ಹೇಳ್ಬಹುದಿತ್ತು” ಎಂದೆ.

“ವರದೀಲಿ ಅದಕ್ಕೆ ಸಾಲಿಲ್ಲ ಸಾಹುಕಾರ್ರೇ” ಎಂದು ಚೀಲ ಇಸಿದುಕೊಂಡು ಹೊರಟ.

ಒಳಗೆ ಅಕ್ಕ ಮಣೆಯ ಮೇಲೆ ನಿಂತೇ ಇದ್ದಳು. ಗೇಟಿನಿಂದ ಅಲ್ಲಿಗೆ ಇಪ್ಪತ್ತು ಹೆಜ್ಜೆ. ಅಷ್ಟು ದೂರ ನಡೆಯಲು ನನಗೆ ಬಹಳ ಹೊತ್ತು ಹಿಡಿಯಿತು.