ಬಿಚ್ಚಣ್ಣನ ಕೈಗೆ ಬಂದ ಅಕ್ಕನ ಕಾರು

ಮೆಕ್ಯಾನಿಕ್ ಬಿಚ್ಚಣ್ಣನಿಗೆ ಆ ಅಡ್ಡಹೆಸರಿಟ್ಟವಳು ಅವನ ಅಕ್ಕನೇ. ತಾಯಿ ತೀರಿಕೊಂಡ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳು. ಗಡಿಯಾರ, ಹೊಲಿಗೆ ಯಂತ್ರ, ಬಾಗಿಲ ಚಿಲಕ, ಕೈಗೆ ಸಿಕ್ಕಿದ್ದನ್ನೆಲ್ಲ ಹುಡುಗ ಬಿಚ್ಚಿ ಹರವಿಕೊಳ್ಳುತ್ತಿದ್ದ. ಮತ್ತೆ ಜೋಡಿಸುವ ಹೊತ್ತಿಗೆ ತಾಳ್ಮೆ ಮುಗಿದಿರುತ್ತಿತ್ತು. ಮುಂದೆ ಅವನು ಸ್ವಂತ ಗ್ಯಾರೇಜು ಹಾಕಿ ಹೆಸರು ಮಾಡಿದರೂ, ಮನೆಮನೆಗೆ ಹೋಗಿ ಹೆರಿಗೆ ನೋಡುವ ನರ್ಸಾಗಿದ್ದ ಅಕ್ಕ ತನ್ನ ಕಾರನ್ನು ಮಾತ್ರ ಅವನ ಬಳಿ ಬಿಡಲಿಲ್ಲ. ಊಟಕ್ಕೆ ಕರೆಯುವಳು, ಅವನ ಅಂಗಿಯ ಗ್ರೀಸನ್ನು ತಾನೇ ಉಜ್ಜಿ ತೊಳೆಯುವಳು. ಕಾರಿನ ಮಾತೆತ್ತಿದರೆ ಕಿವಿ ಕೇಳದವಳಂತೆ ಇದ್ದುಬಿಡುವಳು.

ಒಂದು ಬೆಳಿಗ್ಗೆ ಆ ಕಾರು ಜಗ್ಗಿ ಜಗ್ಗಿ ಬಂದು, ಸರಿಯಾಗಿ ತಮ್ಮನ ಗ್ಯಾರೇಜಿನ ಎದುರಿಗೇ ನಿಂತುಬಿಟ್ಟಿತು. ಅವನು ಓಡಿ ಬಂದು ಅದನ್ನು ಒಳಗೆ ನೂಕಿಕೊಂಡ.

"ಗ್ರಹಚಾರ ಅಂದ್ರೆ ನೋಡು!" ಎಂದಳು ಅಕ್ಕ. "ಪೆಟ್ರೋಲು ಸುಮ್ನೆ ಕುಡೀತಿದೆ. ಮೀಟರ್ ಪಕ್ಕದ ಈ ಹಾಳು ಎಂಜಿನ್ ದೀಪ ಬೇರೆ ಆರ್ತಾನೇ ಇಲ್ಲ. ನೋಡು, ಆದ್ರೆ ಏನೂ ಬಿಚ್ಚಬೇಡ."

"ಬಿಚ್ಚಲ್ಲ ಕಣಕ್ಕ. ಕೂತ್ಕೋ."

ಎಂಜಿನ್ ಮತ್ತೆ ಚಾಲೂ ಮಾಡಿ, ಅದು ಚೆನ್ನಾಗಿ ಬಿಸಿಯಾಗುವವರೆಗೆ ಕಾದು, ಅವನು ಸ್ಟೇರಿಂಗಿನ ಕೆಳಗೆ ಸ್ಕ್ಯಾನರಿನ ವೈರು ಸಿಕ್ಕಿಸಿದ. ಪರದೆಯ ಮೇಲೆ ಗೆರೆಯೊಂದು ಏರಿಳಿಯತೊಡಗಿತು.

"ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಅಂತ ಹೇಳೋಕೆ ಪೈಪಲ್ಲಿ ಒಂದು ಸೆನ್ಸರ್ ಇರುತ್ತೆ. ಅದರ ಮಾತು ಕೇಳ್ಕೊಂಡೇ ಎಂಜಿನ್ ಪೆಟ್ರೋಲು ಹೆಚ್ಚುಕಮ್ಮಿ ಮಾಡೋದು. ಈ ಗೆರೆ ಚಕಚಕ ಅಂತ ಹತ್ತಿ ಇಳೀಬೇಕು. ಇದು ನೋಡು, ಆಕಳಿಸ್ತಾ ಏಳ್ತಿದೆ."

"ನೀನು ಸ್ಕೂಲಿಗೆ ಏಳ್ತಿದ್ದೆಯಲ್ಲ, ಹಾಗೆ. ಹಾಗಾದ್ರೆ ಅದೇ ಕೆಟ್ಟಿರೋದು ಬಿಡು."

"ಇರಕ್ಕ. ಪೈಪು ಬಿರುಕು ಬಿಟ್ಟು ಹೊರಗಿನ ಗಾಳಿ ಸೇರಿದ್ರೂ ಅದು ತಪ್ಪು ಹೇಳುತ್ತೆ. ಪಾಪ, ಸುಮ್ಸುಮ್ನೆ ಅದರ ಮೇಲೆ ಗೂಬೆ ಕೂರಿಸೋದು ಬೇಡ."

ಅವನು ಕಾರಿನಡಿ ಮಲಗಿ ಪೈಪಿನ ಪ್ರತಿ ಜೋಡಣೆಯನ್ನೂ ಪರೀಕ್ಷಿಸಿದ, ವೈರನ್ನು ಉದ್ದಕ್ಕೂ ಸವರಿ ನೋಡಿದ. ಎಲ್ಲವೂ ಗಟ್ಟಿಯಾಗಿತ್ತು. ಎದ್ದು ಬಂದು ಆಕ್ಸಿಲರೇಟರನ್ನು ಥಟ್ಟನೆ ಒತ್ತಿ ಬಿಟ್ಟ. ಎಂಜಿನ್ ಗುಡುಗಿ ಸುಮ್ಮನಾದ ಮೇಲೆ ಗೆರೆ ಮೆಲ್ಲಗೆ ಮೇಲೆದ್ದಿತು. ಮತ್ತೊಮ್ಮೆ ಒತ್ತಿದ. ಮತ್ತೆ ಅದೇ ಸೋಮಾರಿತನ.

ಅಕ್ಕ ಗೆರೆಯನ್ನಲ್ಲ, ಅವನ ಮುಖವನ್ನು ನೋಡುತ್ತಿದ್ದಳು. ಇಷ್ಟು ಹೊತ್ತು ಒಂದೇ ಕಡೆ ಕಣ್ಣಿಟ್ಟು ಕೂತ ತಮ್ಮನನ್ನು ಅವಳು ಹಿಂದೆಂದೂ ಕಂಡಿರಲಿಲ್ಲ.

"ಸೆನ್ಸರೇ ಅಕ್ಕ. ಈಗ ಬಿಚ್ಚಲಾ?"

"ಬಿಚ್ಚೋ," ಎಂದಳು.

ಹೊರಬಂದ ಸೆನ್ಸರಿನ ತುದಿಗೆ ಬಿಳಿಯ ಪದರ ಮೆತ್ತಿಕೊಂಡಿತ್ತು. ಹೊಸದನ್ನು ಕೂರಿಸಿದ ಮೇಲೆ ಗೆರೆ ಪುಟಪುಟನೆ ಹಾರತೊಡಗಿತು. ಓಡಿಸಿ ನೋಡಲೆಂದು ಇಬ್ಬರೂ ಹೊರಟರು. ಜಗ್ಗುವಿಕೆ ಇಲ್ಲ, ದೀಪವೂ ಇಲ್ಲ. ಹಿಂದಿನ ರಾತ್ರಿಯಿಡೀ ಹೆರಿಗೆಯ ಮನೆಯಲ್ಲಿ ನಿಂತೇ ಇದ್ದ ಅಕ್ಕ, ಎರಡು ತಿರುವು ಕಳೆಯುವುದರೊಳಗೆ ಪಕ್ಕದ ಸೀಟಿನಲ್ಲಿ ತಲೆ ವಾಲಿಸಿ ನಿದ್ದೆಹೋದಳು. ಅವನು ಗ್ಯಾರೇಜಿನ ಕಡೆಗೆ ತಿರುಗಲಿಲ್ಲ. ಹಳ್ಳದಿಣ್ಣೆಯಿಲ್ಲದ ದೊಡ್ಡ ರಸ್ತೆ ಹಿಡಿದ.

ಬಹಳ ಹೊತ್ತಿನ ಮೇಲೆ ಅವಳು ಅರೆಗಣ್ಣು ಬಿಟ್ಟಳು. "ಎಲ್ಲಿದ್ದೀವೋ?"

"ಇನ್ನೂ ಟೆಸ್ಟ್ ಮುಗಿದಿಲ್ಲ ಅಕ್ಕ. ಮಲ್ಕೋ."