ಬೀದಿಯ ಮಗ್ಗ ನಿಲ್ಲಿಸಿದವರು

ಅವರ ಎರಡೂ ಕಿವಿಗಳಲ್ಲಿ ಸದಾ ಬಣ್ಣದ ರೇಷ್ಮೆ ನೂಲಿನ ಸಣ್ಣ ಉಂಡೆಗಳಿರುತ್ತಿದ್ದವು. ಒಂದು ವಾರ ಗಿಣಿಹಸಿರು, ಇನ್ನೊಂದು ವಾರ ಬದನೆಕಾಯಿ ಬಣ್ಣ, ಮದುವೆಗಳ ಕಾಲ ಬಂತೆಂದರೆ ಅರಿಶಿನ ಇಲ್ಲವೇ ಕಡುಗೆಂಪು. ಮಗ್ಗದ ಕೆಳಗೆ ಬಿದ್ದ ತುಂಡು ನೂಲನ್ನೇ ಬೆರಳಲ್ಲಿ ಹೊಸೆದು ಕಿವಿಗೆ ತುರುಕಿಕೊಳ್ಳುತ್ತಿದ್ದರು. ಹಾಗಾಗಿ ಅವರ ಕಿವಿ ನೋಡಿದರೆ ಸಾಕು, ಆ ವಾರ ಅವರ ಮನೆಯಲ್ಲಿ ಯಾವ ಬಣ್ಣದ ಸೀರೆ ನೇಯುತ್ತಿದ್ದಾರೆಂದು ತಿಳಿಯುತ್ತಿತ್ತು. ಚಿಕ್ಕವಳಿದ್ದಾಗ ಶಾಲೆಗೆ ಹೊರಡುವ ಮುನ್ನ ನಾನು ಮೊದಲು ನೋಡುತ್ತಿದ್ದುದೇ ಅದನ್ನು.

ಅವರು ನಮ್ಮ ಎದುರುಮನೆಯವರು. ಸಂಬಂಧದಲ್ಲಿ ಏನೂ ಆಗಬೇಕಿಲ್ಲ, ಆದರೂ ತಾತ ಎಂದೇ ಕರೆದು ಬೆಳೆದವಳು ನಾನು. ದೊಡ್ಡಬಳ್ಳಾಪುರದಲ್ಲಿ ನಮ್ಮದು ಮಗ್ಗದವರ ಬೀದಿ. ಹೆಚ್ಚಿನ ಮನೆಗಳಲ್ಲಿ ಮುಂದಿನ ಹಜಾರದಲ್ಲಿ ಪವರ್‌ಲೂಮು, ಹಿಂದೆ ಸಂಸಾರ. ನಮ್ಮ ಮನೆಯಲ್ಲಿ ಮಗ್ಗವಿಲ್ಲ. ಅಪ್ಪ ದೇವನಹಳ್ಳಿ ಕಡೆಯ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದಾರೆ. ಆದರೆ ಸದ್ದು ಎಲ್ಲರಿಗೂ ಸಮನಾಗಿ ಬರುತ್ತದೆ. ಗೋಡೆಗೆ ಒರಗಿದರೆ ಬೆನ್ನಿಗೆ ಬರುತ್ತದೆ, ತಟ್ಟೆಯ ಸಾರಿನಲ್ಲಿ ಸಣ್ಣ ಅಲೆಗಳಾಗಿ ಬರುತ್ತದೆ. ಆ ಬೀದಿಯವರು ಮಾತನ್ನು ಗಂಟಲು ಹರಿಯುವಂತೆ ಆಡುತ್ತಾರೆ, ಇಲ್ಲವೇ ಕೈಯಲ್ಲಿ ಆಡುತ್ತಾರೆ. ಕಿವಿಯ ತುದಿ ಹಿಡಿದು ಎಳೆದರೆ ಫೋನ್ ಬಂದಿದೆ ಎಂದು. ತೋರುಬೆರಳನ್ನು ಗಾಳಿಯಲ್ಲಿ ಸುತ್ತಿಸಿದರೆ ಮಗ್ಗ ಶುರುಮಾಡು ಎಂದು.

ಅಂಥ ಬೀದಿಯಲ್ಲಿ ನನ್ನದು ಕೆಳದನಿ. ಯಾಕೆ ಹಾಗಾಯಿತೋ ಗೊತ್ತಿಲ್ಲ. ತಾತನಿಗೆ ಅದೊಂದು ತಮಾಷೆ.

“ನೀನು ಮಾತಾಡಿದ್ರೆ ನಂಗೆ ಬಾಯಿ ಕಾಣ್ತದೆ ಪುಟ್ಟಿ, ಮಾತು ಮಾತ್ರ ಬರಾಕಿಲ್ಲ. ಈ ಬೀದೀಲಿ ಹುಟ್ಟಿ ಹಿಂಗೆ ಪಿಸುಗುಟ್ಟೋಳು ನೀನೊಬ್ಳೇ ಕಣಮ್ಮಾ,” ಎನ್ನುತ್ತಿದ್ದರು. ಅವರ ಪಿಸುಮಾತು ಬಸ್‌ಸ್ಟ್ಯಾಂಡಿಗೆ ಕೇಳುತ್ತಿತ್ತು. ನಮ್ಮೊಡನೆ ಕನ್ನಡ, ಮಗ್ಗಕ್ಕೆ ಬೈಯುವುದು ಮಾತ್ರ ತೆಲುಗಿನಲ್ಲಿ. “ಅದು ಹುಟ್ಟಿದ್ದೇ ಬೈಸ್ಕೊಳ್ಳೋಕೆ, ಅದಕ್ಕೆ ಮನೆಮಾತಲ್ಲೇ ಬೈಬೇಕು,” ಎಂದು ಕಾರಣ ಕೊಡುತ್ತಿದ್ದರು.

ರಜೆಯ ದಿನ ಬಿಟ್ಟರೆ ನಮ್ಮ ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಲ್ಲುವುದು ಎರಡೇ ಕಾರಣಕ್ಕೆ. ಕರೆಂಟು ಹೋದರೆ ಊರಿನ ಅಷ್ಟೂ ಮಗ್ಗಗಳು ನಿಲ್ಲುತ್ತವೆ. ಬೀದಿಯಲ್ಲಿ ಸಾವಾದರೆ ನಮ್ಮ ಬೀದಿಯವು ಮಾತ್ರ ನಿಲ್ಲುತ್ತವೆ. ಹೆಣ ಎತ್ತುವವರೆಗೆ ಯಾರೂ ಸ್ವಿಚ್ಚಿನ ಹತ್ತಿರ ಹೋಗುವುದಿಲ್ಲ. ಹಿಂದಿನ ಬೀದಿಯವರು ಆ ವ್ಯತ್ಯಾಸವನ್ನು ಕೂತಲ್ಲೇ ಗುರುತಿಸುತ್ತಾರೆ. ಹೂವಿನ ಹಾರ ಹಿಡಿದೇ ಬರುತ್ತಾರೆ. ಯಾರು ಹೋದರೆಂದು ಕೇಳುವುದು ಬಂದ ಮೇಲೆ.

ಪದವಿಗೆ ನಾನು ಶ್ರವಣ ವಿಜ್ಞಾನವನ್ನು ಆರಿಸಿಕೊಂಡಿದ್ದಕ್ಕೆ ಈ ಬೀದಿಯೇ ಕಾರಣವೆಂದು ಈಗ ಹೇಳುವುದು ಸುಲಭ. ಆಗ ಹಾಗೆ ಯೋಚಿಸಿರಲಿಲ್ಲ. ಸೀಟು ಸಿಕ್ಕಿತು, ಬೆಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿ ಬರಬಹುದಿತ್ತು. ಕೊನೆಯ ವರ್ಷದಲ್ಲಿ, ಯಾರದಾದರೂ ಕಿವಿ ಪರೀಕ್ಷೆ ಮಾಡಿ ತೋರಿಸಬೇಕೆಂದಾಗ ತಾತನನ್ನು ಕರೆದುಕೊಂಡು ಹೋದೆ. ಬಿಳಿ ಪಂಚೆ ಉಟ್ಟು, ಕಿವಿಯ ನೂಲು ತೆಗೆದು, ಮದುವೆಗೆ ಹೊರಟವರಂತೆ ಬಂದರು. ಸದ್ದು ಬಾರದ ಸಣ್ಣ ಕೋಣೆಯೊಳಗೆ ಅವರನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಬೆರಳೆತ್ತಿ ಎಂದು ಹೇಳಿದೆ. ಗಾಜಿನ ಈಚೆ ನಾನು ಯಂತ್ರದ ಮುಂದೆ, ನನ್ನ ಹಿಂದೆ ನಮ್ಮ ಮೇಡಂ.

ತಾತ ಒಂದೂ ತಪ್ಪದೆ ಬೆರಳೆತ್ತಿದರು. ಗ್ರಾಫ್ ನೋಡಿದರೆ ಅವರಿಗೆ ನನಗಿಂತ ಚೆನ್ನಾಗಿ ಕೇಳಿಸುತ್ತಿತ್ತು. ಮೇಡಂ ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡಿ, “ಅವರು ಕೇಳಿಸ್ಕೊಳ್ತಿಲ್ಲ, ನಿನ್ನ ಕೈ ನೋಡ್ತಿದಾರೆ,” ಎಂದರು. ನಿಜ. ನಾನು ಬಟನ್ ಒತ್ತಲು ಕೈ ಚಾಚಿದಾಗಲೆಲ್ಲ ಅವರ ಬೆರಳು ಮೇಲೇಳುತ್ತಿತ್ತು.

ಒಳಗೆ ಹೋಗಿ, “ಯಾಕೆ ತಾತಾ ಹಿಂಗೆ ಮಾಡಿದ್ರಿ?” ಎಂದೆ.

“ನಿಂಗೆ ಮಾರ್ಕ್ಸ್ ಕೊಡೋ ಮೇಡಮ್ಮು ಹಿಂದೇನೇ ನಿಂತವ್ರಲ್ಲಾ. ನಂಗೆ ಕೇಳಿಸ್ನಿಲ್ಲ ಅಂದ್ರೆ ನಿನ್ನ ಮಿಷನ್ನೇ ಸರಿಯಿಲ್ಲ ಅಂದ್ಕೊಂಡ್ರೆ?”

ಗೋಡೆಯ ಕಡೆ ಮುಖ ಮಾಡಿ ಕೂರಿಸಿ ಮತ್ತೆ ಪರೀಕ್ಷೆ ಮಾಡಿದೆ. ಈ ಸಲ ಬೆರಳು ಬಹಳ ಹೊತ್ತು ತೊಡೆಯ ಮೇಲೇ ಇತ್ತು. ಅವರ ಬೆನ್ನನ್ನು ನೋಡುತ್ತ ಸದ್ದನ್ನು ಏರಿಸುತ್ತ ಹೋದದ್ದು ನೆನಪಿದೆ.

ಆಮೇಲೆ ಅವರಿಗೆ ಶ್ರವಣಸಾಧನ ಬಂತು. ಅದನ್ನು ಮಗ್ಗಕ್ಕೆ ರಜೆ ಇದ್ದ ದಿನ ಮಾತ್ರ ಹಾಕಿಕೊಳ್ಳುತ್ತಿದ್ದರು. ಮೊದಲ ದಿನ ಮಗ್ಗದ ಮುಂದೆ ಹಾಕಿಕೊಂಡು ನಿಂತವರು ತಕ್ಷಣ ಕಿತ್ತು ಕೈಗೆ ತೆಗೆದುಕೊಂಡರು. “ಇಷ್ಟು ಗಲಾಟೆ ಮಾಡ್ತದಾ ಇದು? ಪಾಪ, ನಿಮ್ಮಮ್ಮ ಇಷ್ಟು ವರ್ಷ ಒಂದ್ಮಾತೂ ಅಂದಿಲ್ವಲ್ಲಾ!”

ಪದವಿ ಮುಗಿದ ಮೇಲೆ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದೆ. ಯಂತ್ರಗಳ ಸದ್ದಿನಲ್ಲಿ ದುಡಿಯುವವರ ಕಿವಿಯ ಬಗ್ಗೆಯೇ ಅಲ್ಲಿ ಕೆಲಸ ನಡೆಯುತ್ತದೆ. ವಿದ್ಯಾರ್ಥಿವೇತನ ಸಿಕ್ಕಿದರೆ ಮಾತ್ರ ಹೋಗುವ ಮಾತು. ಅದಕ್ಕೆ ವಿಡಿಯೋ ಸಂದರ್ಶನ. ಅಪ್ಪ ಅಮ್ಮನನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ. ಆಗದೇ ಹೋದರೆ ಎದುರಾಗುವ ಅನುಕಂಪ ನನಗೆ ಬೇಡವಾಗಿತ್ತು. ನಮ್ಮ ಬೀದಿಯಲ್ಲಿ ಸಂದರ್ಶನ ಸಾಧ್ಯವಿಲ್ಲವೆಂದು ನೆಲಮಂಗಲದ ಅತ್ತೆಯ ಮನೆಗೆ ಹೋದೆ. ಮಗ್ಗವಿಲ್ಲ ನಿಜ, ಹೆದ್ದಾರಿ ಇತ್ತು. ಲಾರಿಗಳ ಹಾರ್ನಿನ ನಡುವೆ ಸಂದರ್ಶಕರ ಪ್ರಶ್ನೆ ನನಗೆ ಅರ್ಧ ಕೇಳಿಸಿತು, ನನ್ನ ಉತ್ತರ ಅವರಿಗೆ ಅಷ್ಟೂ ಕೇಳಿಸಲಿಲ್ಲ. ನಡುವೆ ನೆಟ್‌ವರ್ಕ್ ಹೋಯಿತು. ಕೆಲವು ದಿನಗಳ ನಂತರ ವಿನಯದ ಒಂದು ಮೇಲ್ ಬಂತು: ಈ ಬಾರಿ ಸಾಧ್ಯವಾಗಲಿಲ್ಲ.

ಮರುವರ್ಷ ಮತ್ತೆ ಅರ್ಜಿ ಹಾಕಿದೆ, ಮತ್ತೆ ಸಂದರ್ಶನಕ್ಕೆ ಕರೆ ಬಂತು. ಇದೇ ಕೊನೆ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಆಗದಿದ್ದರೆ ಆಗ ಮಾಡುತ್ತಿದ್ದ ಬೆಂಗಳೂರಿನ ಕ್ಲಿನಿಕ್ಕಿನ ಕೆಲಸವೇ ಖಾಯಂ. ಯಲಹಂಕದ ಗೆಳತಿಯ ಕೋಣೆಯನ್ನು ಕೇಳಿಟ್ಟುಕೊಂಡಿದ್ದೆ. ಹಿಂದಿನ ದಿನ ಅವಳು ಫೋನ್ ಮಾಡಿ ಮನೆಯ ಮಾಲೀಕರು ಮೇಲೆ ಟೈಲ್ಸ್ ಕೊಯ್ಯಿಸುತ್ತಿದ್ದಾರೆ ಎಂದಳು. ಇನ್ನು ಉಳಿದದ್ದು ನಮ್ಮ ಮನೆ. ಇಂಟರ್ನೆಟ್ ಚೆನ್ನಾಗಿತ್ತು. ಸಮಯ ಸಂಜೆ ಐದು, ಮಗ್ಗಗಳು ಜೋರಾಗಿರುವ ಹೊತ್ತು. ಪರೀಕ್ಷೆಗೆಂದು ನನ್ನ ಧ್ವನಿಯನ್ನು ರೆಕಾರ್ಡ್ ಮಾಡಿ ಕೇಳಿದೆ. ಮೈಕು ಮಗ್ಗವನ್ನು ಸ್ಪಷ್ಟವಾಗಿ ಹಿಡಿದಿತ್ತು, ನನ್ನನ್ನಲ್ಲ.

ಅಮ್ಮ ಎದ್ದು ಎದುರುಮನೆಗೆ ಹೋದಳು.

ಮರುದಿನ ಮಧ್ಯಾಹ್ನ ಕಿಟಕಿಯಿಂದ ನೋಡುತ್ತೇನೆ, ತಾತ ಮನೆಮನೆಯ ಬಾಗಿಲಲ್ಲಿ ನಿಂತು ನನ್ನ ಗುಟ್ಟನ್ನು ಮಗ್ಗದ ಸದ್ದಿಗಿಂತ ಜೋರಾಗಿ ಸಾರುತ್ತಿದ್ದಾರೆ. “ಐದು ಗಂಟೆಗೆ ಎಲ್ಲಾ ಆಫ್ ಮಾಡ್ಬೇಕು! ಪುಟ್ಟಿ ಫಾರಿನ್ನಿಗೆ ಮಾತಾಡ್ತಾಳೆ!”

ಮೂಲೆಮನೆಯವರು ಗೊಣಗಿದರು. “ನಡುಮಧ್ಯ ನಿಲ್ಸಿದ್ರೆ ಹೆಂಗೆ ಯಜಮಾನ್ರೇ? ನಾಳೆ ಸೀರೆ ಕೊಡ್ಬೇಕು.”

“ದಿನಾ ಕರೆಂಟ್ ಹೋಗಾಕಿಲ್ವಾ? ಆಗ ಯಾರನ್ನ ಕೇಳ್ತೀಯಾ? ಇವತ್ತು ನಾನೇ ಕರೆಂಟು ಅಂದ್ಕೊ.”

ನನಗೆ ಸಿಟ್ಟು ಬಂದಿತ್ತು. ಬೀದಿಗೆಲ್ಲ ಗೊತ್ತಾಯಿತಲ್ಲ ಎಂದು. ಅಮ್ಮನ ಮೇಲೆ ಸಿಡುಕಿದೆ. ಅಮ್ಮ ನನ್ನ ದುಪಟ್ಟಾಗೆ ಇಸ್ತ್ರಿ ಹಾಕುತ್ತಲೇ ಇದ್ದಳು.

ಐದು ಗಂಟೆಗೆ ಎದುರುಮನೆಯ ಮಗ್ಗ ಮೊದಲು ನಿಂತಿತು. ಆಮೇಲೆ ಪಕ್ಕದ್ದು, ಅದರ ಪಕ್ಕದ್ದು. ಕೊನೆಗೆ ಮೂಲೆಮನೆಯದೂ. ನನ್ನ ಕೋಣೆಯಲ್ಲಿ ಗಡಿಯಾರಕ್ಕೆ ಸದ್ದಿದೆ ಎಂದು ತಿಳಿದದ್ದು ಅಂದು. ಬಚ್ಚಲಿನ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. ಪರದೆಯ ಮೇಲೆ ಇಬ್ಬರು ಕಾಣಿಸಿಕೊಂಡರು: ನೆರೆಗೂದಲಿನ ಒಬ್ಬ ಮಹಿಳೆ, ಕನ್ನಡಕದ ಒಬ್ಬ ಯುವಕ. ನನ್ನ ದನಿ ನನಗೇ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಅದೇ ಕಷ್ಟವಾಯಿತು. ಬಾಯಿಪಾಠ ಮಾಡಿದ ವಾಕ್ಯಗಳು ಎಷ್ಟು ಪೊಳ್ಳೆಂಬುದನ್ನು ಆ ನಿಶ್ಶಬ್ದದಲ್ಲಿ ಮುಚ್ಚಿಡಲಾಗಲಿಲ್ಲ. ಮಹಿಳೆ ತಲೆಯಾಡಿಸುತ್ತಿದ್ದರು, ಆದರೆ ಕಣ್ಣು ಬೇರೆಲ್ಲೋ ಇತ್ತು. ಈ ವಿಷಯವನ್ನೇ ಯಾಕೆ ಆರಿಸಿಕೊಂಡೆ ಎಂದು ಯುವಕ ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಕಿಟಕಿಯ ಹೊರಗೆ ಮಾತು ಶುರುವಾಯಿತು.

“ಯಾರು ಹೋಗ್ಬಿಟ್ರು ಯಜಮಾನ್ರೇ?” ಹಿಂದಿನ ಬೀದಿಯ ಯಾರೋ, ಸಾವಿನ ಮನೆಗೆ ತಕ್ಕ ಮೆಲುದನಿಯಲ್ಲಿ.

“ಆಂ?”

“ಯಾರು ತೀರ್ಕೊಂಡ್ರು ಅಂತ...”

“ಯಾರೂ ಸತ್ತಿಲ್ಲ ಕಣಯ್ಯಾ!” ತಾತನ ದನಿ ನನ್ನ ಕಿಟಕಿಯ ಕೆಳಗೇ. ಅಲ್ಲೇ ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದರೆಂದು ಆಮೇಲೆ ತಿಳಿಯಿತು. “ಪುಟ್ಟೀದು ಇಂಟರ್ವ್ಯೂ! ಸದ್ದು ಮಾಡ್ಬೇಡ್ರೋ ಅಂತ ಬೀದಿಗೆಲ್ಲಾ ಹೇಳಿವ್ನಿ, ನೀನ್ಯಾಕೆ ಬಂದು ಹಿಂಗೆ ಕಿರುಚ್ತೀಯಾ?”

“ಹಾರ ತಂದ್ಬಿಟ್ಟಿದೀವಲ್ಲ, ಏನ್ಮಾಡೋದು?”

“ಮಡಿಕ್ಕೊ! ಸೀಟು ಸಿಕ್ಕಿದ್ರೆ ಅವಳ್ಗೇ ಹಾಕಾಣ!”

ಶ್ರವಣಸಾಧನ ರಜೆಯ ದಿನದ ವಸ್ತುವಾದ್ದರಿಂದ ಅಂದು ಪೆಟ್ಟಿಗೆಯಲ್ಲೇ ಇತ್ತು. ಇಡೀ ಬೀದಿ ಉಸಿರು ಬಿಗಿಹಿಡಿದಿದ್ದಾಗ ಅಲ್ಲಿದ್ದ ಒಂದೇ ಒಂದು ಸದ್ದು ತಾತನದು.

ಮಹಿಳೆ ಮುಂದಕ್ಕೆ ಬಾಗಿ, ಅಲ್ಲಿ ಎಲ್ಲ ಸರಿಯಾಗಿದೆಯೇ ಎಂದು ಕೇಳಿದರು. ಮತ್ತೆ ನೆಲಮಂಗಲವೇ ಆಯಿತು ಎಂದುಕೊಂಡೆ. ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲವಾದ್ದರಿಂದ ನಿಜವನ್ನೇ ಹೇಳಿದೆ. ಹೊರಗೆ ಕೂಗುತ್ತಿರುವವರು ನಮ್ಮ ಎದುರುಮನೆಯ ತಾತ, ನನಗಾಗಿ ಬೀದಿಯ ಮಗ್ಗಗಳನ್ನು ನಿಲ್ಲಿಸಿದ್ದಾರೆ, ನಮ್ಮಲ್ಲಿ ಮಗ್ಗ ನಿಂತರೆ ಸಾವೆಂದು ತಿಳಿದು ಜನ ಬರುತ್ತಾರೆ, ತಾವು ಕೂಗುತ್ತಿರುವುದು ಅವರಿಗೇ ಕೇಳಿಸುವುದಿಲ್ಲ ಎಂದೆ. ಅವರ ಕಿವಿಯ ಬಣ್ಣದ ನೂಲಿನ ಬಗ್ಗೆ ಹೇಳಿದೆ. ನನಗೆ ಮಾರ್ಕ್ಸ್ ಹೋಗಬಾರದೆಂದು ಬೆರಳೆತ್ತಿದ್ದನ್ನು ಹೇಳಿದೆ, ಗೋಡೆಯ ಕಡೆ ತಿರುಗಿಸಿ ಕೂರಿಸಿದ ಮೇಲೆ ತೊಡೆಯ ಮೇಲೇ ಉಳಿದ ಆ ಬೆರಳಿನ ಬಗ್ಗೆಯೂ.

ಹೇಳಿ ಮುಗಿಸಿದಾಗ ಮಹಿಳೆ ನಗುತ್ತಿರಲಿಲ್ಲ. ಹಾಗೆ ಕೇಳಿಸಿದಂತೆ ನಟಿಸುವವರನ್ನು ಮಗ್ಗದ ಕೋಣೆಯಲ್ಲೇ ಪರೀಕ್ಷಿಸಬೇಕಾದರೆ ಏನು ಮಾಡುತ್ತೀಯ ಎಂದು ಕೇಳಿದರು. ಅದಕ್ಕೆ ನನ್ನಲ್ಲಿ ಬಾಯಿಪಾಠದ ಉತ್ತರವಿರಲಿಲ್ಲ. ಯೋಚಿಸುತ್ತ ಯೋಚಿಸುತ್ತ ಉತ್ತರಿಸಿದೆ. ಅವರು ಇನ್ನೊಂದು ಕೇಳಿದರು. ಮಾತು ಗೊತ್ತುಮಾಡಿದ ಹೊತ್ತನ್ನು ದಾಟಿ ನಡೆಯಿತು.

ಮುಗಿದ ಮೇಲೆ ಕಿಟಕಿ ತೆರೆದೆ. ತಾತ ಕತ್ತೆತ್ತಿ ನನ್ನ ಮುಖವನ್ನೇ ನೋಡುತ್ತಿದ್ದರು. ಬೀದಿಯುದ್ದಕ್ಕೂ ಜನ ಜಗುಲಿಗಳ ಮೇಲೆ ಟೀ ಲೋಟ ಹಿಡಿದು ಕೂತಿದ್ದರು. ನಾನು ತೋರುಬೆರಳನ್ನು ಗಾಳಿಯಲ್ಲಿ ಸುತ್ತಿಸಿದೆ. ಮೂಲೆಮನೆಯ ಮಗ್ಗ ಮೊದಲು ಶುರುವಾಯಿತು.

ಸೀಟು ಸಿಕ್ಕಿದ ಮೇಲ್ ಬಂದಾಗ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಎದುರುಮನೆಗೆ ಓಡಿದೆ. ಮಗ್ಗ ಓಡುತ್ತಿತ್ತು, ಕಿವಿಯಲ್ಲಿ ಅರಿಶಿನದ ನೂಲು. ಹೇಳಿದೆ, ಅವರು ಕೈ ಅಲ್ಲಾಡಿಸಿದರು. ಮತ್ತೆ ಹೇಳಿದೆ. ಕೊನೆಗೆ ಹುಟ್ಟಿದಾಗಿನಿಂದ ಬಳಸದ ದನಿಯಲ್ಲಿ, “ಸೀಟ್ ಸಿಕ್ತು ತಾತಾ!” ಎಂದು ಕೂಗಿದೆ.

“ಇನ್ನೊಂದ್ಸಲ ಹೇಳು.”

“ಸೀಟ್ ಸಿಕ್ತು! ಸ್ಕಾಲರ್‌ಶಿಪ್ಪೂ ಸಿಕ್ತು! ಕೇಳಿಸ್ಲಿಲ್ವಾ?”

“ಆಗ್ಲೇ ಕೇಳಿಸ್ತು. ನೀನು ಕೂಗೋದು ಚೆಂದಾಗದೆ ಅಂತ ಇನ್ನೊಂದ್ಸಲ ಕೇಳ್ದೆ.”

ಸಂಜೆ ಮಲ್ಲಿಗೆಯ ಹಾರ ತಂದರು. ಅಮ್ಮ ಬಾಗಿಲಲ್ಲೇ ತಡೆದಳು. “ಹೊಸಾದು ಕಣಮ್ಮಾ, ಆವತ್ತಿನದಲ್ಲ,” ಎಂದು ಆಣೆ ಮಾಡಿದ ಮೇಲೆಯೇ ಒಳಗೆ ಬಿಟ್ಟಳು.

ಈಗ ನಾನಿರುವ ಊರು ಬಹಳ ನಿಶ್ಶಬ್ದ. ಮಧ್ಯಾಹ್ನದ ಬಿಡುವಿನಲ್ಲಿ ಮನೆಗೆ ಫೋನ್ ಮಾಡುತ್ತೇನೆ. ಅಲ್ಲಿ ಆಗ ಸಂಜೆ. ಅಮ್ಮನ ಮಾತಿನ ಹಿಂದೆ ಮಗ್ಗಗಳು ಓಡುತ್ತಿರುತ್ತವೆ. ಎಲ್ಲರೂ ಚೆನ್ನಾಗಿದ್ದಾರೆಯೇ ಎಂದು ನಾನು ಕೇಳುವುದಿಲ್ಲ, ಆ ಸದ್ದು ಕೇಳಿದರೆ ಸಾಕು.

ಕಳೆದ ಚಳಿಗಾಲದಲ್ಲಿ ತಾತನಿಗೆ ಉಸಿರಾಟದ ತೊಂದರೆಯಾಗಿ ಆಸ್ಪತ್ರೆಗೆ ಸೇರಿಸಿದರು. ದಿನಾ ಫೋನ್ ಮಾಡಿದೆ. ಒಂದು ದಿನ ಅಮ್ಮ ಫೋನ್ ಎತ್ತಿದಾಗ ಹಿಂದೆ ಏನೂ ಇರಲಿಲ್ಲ. ಕರೆಂಟು ಹೋಗಿರಬಹುದೆಂದುಕೊಂಡೆ. ಆಮೇಲೆ, ಬಹಳ ದೂರದಲ್ಲಿ, ಹಿಂದಿನ ಬೀದಿಯ ಮಗ್ಗಗಳು ಕೇಳಿಸಿದವು.

ಫೋನನ್ನು ಕಿವಿಗೆ ಒತ್ತಿಕೊಂಡೆ. “ಅಮ್ಮಾ, ನಮ್ಮ ಬೀದಿ ಮಗ್ಗ ಯಾಕೆ ನಿಂತಿದೆ?”

“ಮೆತ್ತಗೆ ಮಾತಾಡೇ,” ಅಮ್ಮ ಪಿಸುಗುಟ್ಟಿದಳು. “ಮೂಲೆಮನೆ ಹುಡುಗೀದು ಅದೇನೋ ಜರ್ಮನೀದು ಇಂಟರ್ವ್ಯೂ ಅಂತೆ. ಬೆಳಿಗ್ಗೆ ಡಿಸ್ಚಾರ್ಜ್ ಆಗಿ ಬಂದವ್ರು, ಮಲಗಿ ಅಂದ್ರೆ ಕೇಳ್ಬೇಕಲ್ಲ, ಕುರ್ಚಿ ಹಾಕ್ಕೊಂಡು ಅಲ್ಲೇ ಕೂತವ್ರೆ. ತಡಿ, ನೀನೇ ಕೇಳಿಸ್ಕೊ.”

ಕಿಟಕಿ ತೆರೆದ ಸದ್ದಾಯಿತು. ಅಮ್ಮ ಫೋನನ್ನು ಹೊರಗೆ ಚಾಚಿರಬೇಕು. ಸ್ವಲ್ಪ ಹೊತ್ತು ಬರೀ ಗಾಳಿ. ಆಮೇಲೆ ಉಬ್ಬಸದ ನಡುವೆಯೂ ಬೀದಿ ತುಂಬುವ ಅದೇ ದನಿ:

“ಯಾರೂ ಸತ್ತಿಲ್ಲ ಕಣ್ರಯ್ಯಾ, ಹೋಗ್ರೋ!”

ಮಗ್ಗಗಳು ಮತ್ತೆ ಶುರುವಾಗುವವರೆಗೂ ನಾನು ಫೋನ್ ಇಡಲಿಲ್ಲ.